ಗೃಹಜ್ಯೋತಿ: ಪಟ್ಟಿಯಲ್ಲಿ ಹುಕ್ಕೇರಿಯೆಂಬ ಆರನೆಯ ಹೆಸರು

2023ರ ಜೂನ್ 18ರಂದು ಗೃಹಜ್ಯೋತಿ ಯೋಜನೆಯ ನೋಂದಣಿ ಆರಂಭವಾದಾಗ ರಾಜ್ಯದ ಗಮನವೆಲ್ಲ ಇದ್ದುದು ಸೇವಾಸಿಂಧು ಜಾಲತಾಣದ ಸರ್ವರ್ ಮೇಲೆ. ಅದು ಕುಂಟಿತು, ಚೇತರಿಸಿಕೊಂಡಿತು. ಹ್ಯಾಕ್ ಆಗಿದೆಯೆಂಬ ರಾಜಕೀಯ ಆರೋಪವೂ ಕೇಳಿಬಂತು. ಈ ಗದ್ದಲದಲ್ಲಿ ಅರ್ಜಿಯ ಒಂದು ಸಣ್ಣ ಸಂಗತಿ ಹೆಚ್ಚು ಚರ್ಚೆಗೆ ಬರಲಿಲ್ಲ. ವಿದ್ಯುತ್ ಪೂರೈಸುವ ಸಂಸ್ಥೆಯನ್ನು ಆರಿಸಿಕೊಳ್ಳುವ ಪಟ್ಟಿಯಲ್ಲಿ ಬೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಮೆಸ್ಕಾಂ ಮತ್ತು ಮೈಸೂರಿನ ಸೆಸ್ಕ್ ಎಂಬ ಐದು ಸರ್ಕಾರಿ ಕಂಪನಿಗಳ ಸಾಲಿನಲ್ಲೇ ಆರನೆಯದೊಂದು ಹೆಸರಿತ್ತು: ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ.

ಗೋಕಾಕ, ಮೂಡಲಗಿಯ ಮನೆಗಳಿಗೆ ಬಿಲ್ ಕೊಡುವುದು ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿಯುಳ್ಳ ಹೆಸ್ಕಾಂ. ಪಕ್ಕದ ಹುಕ್ಕೇರಿ ತಾಲ್ಲೂಕಿನಲ್ಲಿ ಆ ಕೆಲಸ 1969ರಲ್ಲಿ ಸ್ಥಾಪನೆಯಾದ ಈ ಸಂಘದ್ದು. ಗ್ರಾಮೀಣ ವಿದ್ಯುದೀಕರಣಕ್ಕೆಂದು ದೇಶದಲ್ಲಿ ಪ್ರಾಯೋಗಿಕವಾಗಿ ಆರಂಭಿಸಲಾದ ಐದು ಸಹಕಾರ ಸಂಘಗಳಲ್ಲಿ ಇದೂ ಒಂದು. ಅವುಗಳಲ್ಲೊಂದಾದ ಮಹಾರಾಷ್ಟ್ರದ ಮುಳಾ ಪ್ರವರಾ ಸಂಘದ ವಿತರಣೆ 2011ರಲ್ಲಿ ರಾಜ್ಯ ಸರ್ಕಾರಿ ಕಂಪನಿಯ ಪಾಲಾಯಿತು, ಹುಕ್ಕೇರಿಯದು ಉಳಿದುಕೊಂಡಿದೆ. ಹೆಸ್ಕಾಂನಿಂದ ವಿದ್ಯುತ್ ಖರೀದಿಸಿ, ರಾಜ್ಯ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ನಿಗದಿಪಡಿಸಿದ ದರದಲ್ಲಿ ಅದು ಮಾರುತ್ತದೆ. 2025ರಲ್ಲಿ ನಡೆದ ಅದರ ಆಡಳಿತ ಮಂಡಳಿಯ ಚುನಾವಣೆ ಇಡೀ ಜಿಲ್ಲೆಯ ರಾಜಕಾರಣವನ್ನು ತನ್ನತ್ತ ಸೆಳೆದುಕೊಂಡದ್ದನ್ನು ಓದುಗರು ಮರೆತಿರಲಾರರು.

ಇಂತಹ ಸಂಘವೊಂದು ಬೆಂಗಳೂರಿನ ಜಾಲತಾಣದಲ್ಲಿ ಬೆಸ್ಕಾಂಗೆ ಸಮನಾಗಿ ನಿಲ್ಲುವುದು ಸುಲಭದ ಮಾತಲ್ಲ. ಗ್ರಾಹಕ ತನ್ನ ಖಾತೆ ಸಂಖ್ಯೆ ನಮೂದಿಸಿದ ಕೂಡಲೇ ಅವನ ಹೆಸರು, ವಿಳಾಸ ಪರದೆಯ ಮೇಲೆ ಮೂಡಬೇಕು. ಅಂದರೆ ಜಾಲತಾಣ ಕೇಳುವ ಪ್ರಶ್ನೆಗೆ ಆಯಾ ಸಂಸ್ಥೆಯ ಬಿಲ್ಲಿಂಗ್ ದಾಖಲೆಯಿಂದ, ಒಪ್ಪಿತ ರೂಪದಲ್ಲಿ ಉತ್ತರ ಸಿಗಬೇಕು. ಒಂದು ಕಂಪ್ಯೂಟರ್ ವ್ಯವಸ್ಥೆ ಇನ್ನೊಂದನ್ನು ಪ್ರಶ್ನಿಸಲು ಬಳಸುವ ಇಂತಹ ಒಪ್ಪಂದಕ್ಕೆ ತಂತ್ರಜ್ಞರು ಎಪಿಐ ಎನ್ನುತ್ತಾರೆ. ಐದು ಕಂಪನಿಗಳಿಗಷ್ಟೇ ಹೊಂದುವಂತೆ ಒಪ್ಪಂದ ರೂಪಿಸಿ, ಹುಕ್ಕೇರಿಯವರನ್ನು ಕಾಗದದ ಅರ್ಜಿಗೆ ಬಿಟ್ಟುಬಿಡುವುದು ಸಲೀಸಾಗಿತ್ತು. ಹಾಗೆ ಮಾಡದ್ದು ಶ್ಲಾಘನೀಯ. ಈ ನಿರ್ಧಾರ ಪ್ರೋಗ್ರಾಂ ಬರೆಯುವವನದಲ್ಲ. ಯಾರಿಗಾಗಿ, ಏನನ್ನು ಕಟ್ಟಬೇಕೆಂದು ಮೊದಲೇ ಗೊತ್ತುಮಾಡುವವನದು. ಸಾಫ್ಟ್‌ವೇರ್ ಕಂಪನಿಗಳಲ್ಲಿ ಆ ಹುದ್ದೆಗೆ ಪ್ರಾಡಕ್ಟ್ ಮ್ಯಾನೇಜರ್ ಎಂಬ ಹೆಸರಿದೆ.

ಆದರೆ ಒಪ್ಪಂದದ ಉಳಿದ ಕಲಮುಗಳೆಲ್ಲ ಅಷ್ಟೇ ವಿವೇಕದಿಂದ ಕೂಡಿದ್ದವೆನ್ನಲಾಗದು. ಹಳ್ಳಿಯ ಗ್ರಾಹಕನಿಗೆ ಬಾಯಿಪಾಠವಾಗಿರುವುದು ಆರ್‌.ಆರ್‌. ನಂಬರು, ಅರ್ಜಿ ಕೇಳಿದ್ದು ಖಾತೆ ಸಂಖ್ಯೆ. ಯಂತ್ರಕ್ಕೆ ಅನುಕೂಲವಾದ ಗುರುತು ಮನುಷ್ಯನಿಗೆ ಅಪರಿಚಿತವಾಗಿದ್ದರೆ ಗ್ರಾಮ ಒನ್ ಕೇಂದ್ರದ ಸರದಿ ಉದ್ದವಾಗುತ್ತದೆ, ಅಷ್ಟೆ. ಹಳೆಯ ಬಿಲ್ ಹುಡುಕಲು ಮನೆಗೆ ಮರಳುವವನ ಅರ್ಧ ದಿನದ ಕೂಲಿ ಯಾವ ಲೆಕ್ಕಕ್ಕೂ ಬರುವುದಿಲ್ಲ.

ಇನ್ನೊಂದೆಡೆ ಒಳ್ಳೆಯ ಮುಂದಾಲೋಚನೆಯೂ ಕಾಣುತ್ತದೆ. 2022-23ರ ಸರಾಸರಿ ಬಳಕೆಗೆ ಶೇ 10ರಷ್ಟು ಸೇರಿಸಿ, 200 ಯೂನಿಟ್‌ ಮಿತಿಯೊಳಗೆ ಉಚಿತ ಪ್ರಮಾಣ ನಿಗದಿಪಡಿಸುವುದು ಮೂಲ ನಿಯಮ. ಆ ವರ್ಷ ಮನೆಯೇ ಇರದಿದ್ದವರ ಗತಿಯೇನು? ದಾಖಲೆ ಇಲ್ಲವೆಂಬುದಕ್ಕೂ ಬಳಕೆ ಸೊನ್ನೆ ಎಂಬುದಕ್ಕೂ ಅಂತರವಿದೆ. ಕಂಪ್ಯೂಟರ್‌ಗೆ ಅದನ್ನು ಹೇಳಿಕೊಡಬೇಕು. ಹೊಸ ಸಂಪರ್ಕಗಳಿಗೆ ರಾಜ್ಯದ ಸರಾಸರಿಯಾದ 53 ಯೂನಿಟ್‌ಗಳನ್ನೇ ಆಧಾರವಾಗಿಟ್ಟು, ಅದರ ಮೇಲೆ ಶೇ 10 ಸೇರಿಸಿದ್ದರಿಂದ ಈ ತೊಡಕು ಬಗೆಹರಿಯಿತು.

ಬಾಡಿಗೆದಾರರ ವಿಷಯದಲ್ಲಿ ಮಾತ್ರ ಈ ಎಚ್ಚರ ತಪ್ಪಿತು. ಬಾಡಿಗೆದಾರರೂ ಅರ್ಹರೆಂದು ಸರ್ಕಾರ ಸರಿಯಾಗಿಯೇ ಘೋಷಿಸಿತು. ಅವರ ಆಧಾರ್ ಸಂಖ್ಯೆ ಮನೆಯ ಮೀಟರಿಗೆ ಜೋಡಣೆಯಾಯಿತು. ಬಾಡಿಗೆದಾರನೆಂದ ಮೇಲೆ ಎಂದಾದರೊಂದು ದಿನ ಮನೆ ಬದಲಿಸುತ್ತಾನೆ. ಜೋಡಣೆಯನ್ನು ಬಿಡಿಸುವ ಸೌಲಭ್ಯ ಬಂದದ್ದು ಮಾತ್ರ 2024ರಲ್ಲಿ, ಸುಮಾರು ಒಂದು ವರ್ಷದ ಬಳಿಕ. ಅಲ್ಲಿಯವರೆಗೆ ಹಳೆಯ ಮನೆಗೆ ಅಂಟಿಕೊಂಡ ಆಧಾರ್‌ನಿಂದಾಗಿ ಹೊಸ ಮನೆಯಲ್ಲಿ ಸೌಲಭ್ಯ ಸಿಗದೆ ಪರದಾಡಿದವರು ರಾಜ್ಯದೆಲ್ಲೆಡೆ ಇದ್ದರು. ಹುಕ್ಕೇರಿಯಿಂದ ಗೋಕಾಕಕ್ಕೆ ಮನೆ ಬದಲಿಸುವವನಿಗಂತೂ ಬದಲಾಗುವುದು ಮನೆಯಷ್ಟೇ ಅಲ್ಲ, ವಿದ್ಯುತ್ ಸಂಸ್ಥೆಯೂ ಹೌದು. ಸಂಘದ ಲೆಕ್ಕದಿಂದ ಅವನ ಹೆಸರು ಕಳಚಿ ಹೆಸ್ಕಾಂ ಲೆಕ್ಕಕ್ಕೆ ಸೇರಬೇಕು. ಒಳಬರುವ ಬಾಗಿಲಿಟ್ಟು ಹೊರಹೋಗುವ ಬಾಗಿಲು ಮರೆತದ್ದನ್ನು ತಾಂತ್ರಿಕ ದೋಷವೆಂದು ಕರೆಯುವುದು ತಪ್ಪಾದೀತು.

ಬಿಡುಗಡೆಯ ಸೌಲಭ್ಯ ಬಂದ ಮೇಲೂ ಒಂದು ತೊಡಕು ಉಳಿಯಿತು. ಸರಾಸರಿಯ ಲೆಕ್ಕ ಅಂಟಿಕೊಂಡಿರುವುದು ಮೀಟರಿಗೇ ಹೊರತು ಕುಟುಂಬಕ್ಕಲ್ಲ. ಗೋಕಾಕದ ಮನೆಯೊಂದರಲ್ಲಿ ಆ ವರ್ಷ ವೃದ್ಧ ದಂಪತಿಯಿದ್ದು ತಿಂಗಳಿಗೆ 40 ಯೂನಿಟ್ ಬಳಸಿದ್ದರೆಂದು ಇಟ್ಟುಕೊಳ್ಳೋಣ. 2024ರ ಜನವರಿಯಲ್ಲಿ, ಕಡಿಮೆ ಬಳಸುವವರಿಗೆ ಶೇ 10ರ ಬದಲು 10 ಯೂನಿಟ್‌ಗಳನ್ನೇ ಹೆಚ್ಚುವರಿಯಾಗಿ ಕೊಡಲು ಸಚಿವ ಸಂಪುಟ ನಿರ್ಧರಿಸಿತು. ಅದರಂತೆ ಆ ಮನೆಯ ಪಾಲು 50 ಯೂನಿಟ್. ಮೂಡಲಗಿಯಿಂದ ಅಲ್ಲಿಗೆ ಬಾಡಿಗೆಗೆ ಬರುವ ಆರು ಮಂದಿಯ ಸಂಸಾರಕ್ಕೂ ಅದೇ 50. ಮೇಲಿನದಕ್ಕೆ ಹಣ ಕಟ್ಟಬೇಕು. ಅವರು ಆ ವರ್ಷ ಮೂಡಲಗಿಯಲ್ಲಿ ಎಷ್ಟು ಬಳಸಿದ್ದರೆಂಬುದು ಹೆಸ್ಕಾಂ ದಾಖಲೆಯಲ್ಲೇ ಇರುತ್ತದೆ. ಅದನ್ನು ಕೇಳುವ ಪ್ರಶ್ನೆಯೇ ಅರ್ಜಿಯಲ್ಲಿಲ್ಲ.