ದುಡಿದವರ ಸಂಬಳಕ್ಕೆ ಹೊಣೆ ಯಾರು?

ದುಡಿದ ಕೈಗೆ ಕೂಲಿ ಸೇರದಿದ್ದಲ್ಲಿ ಆರುವುದು ಮನೆಯ ಒಲೆಯೊಂದೇ ಅಲ್ಲ, ದುಡಿಮೆಯ ಮೇಲಿನ ನಂಬಿಕೆಯೂ ಆರುತ್ತದೆ. ಕಾಯಕಕ್ಕೆ ಹಿರಿದಾದ ಸ್ಥಾನವಿತ್ತ ಸಮಾಜ ನಮ್ಮದು. ಆದಕಾರಣ ನಮ್ಮ ಮನೆಗಳ ಯುವಕ ಯುವತಿಯರನ್ನು ಇಂದು ಕಾಡುತ್ತಿರುವ ಒಂದು ಪ್ರಶ್ನೆಯನ್ನು ಈ ತಿಂಗಳು ವಿಚಾರಕ್ಕೆ ಎತ್ತಿಕೊಂಡಿದ್ದೇವೆ.

ಶ್ರೀನಿವಾಸಪುರ ತಾಲ್ಲೂಕಿನ ಗಡಿಯಂಚಿನ ರಾಯಲ್ಪಾಡು ಹೋಬಳಿಯಂತಹ ಕಡೆ ಮಾವು, ಟೊಮೆಟೊ ನಂಬಿದ ಸಂಸಾರಗಳೇ ಹೆಚ್ಚು. ಬೆಲೆ ಬಿದ್ದ ವರ್ಷ ಮನೆಯ ಭಾರವೆಲ್ಲ ಕಾರ್ಖಾನೆಗೆ ಹೋಗುವ ಮಗ ಅಥವಾ ಮಗಳ ಸಂಬಳದ ಮೇಲೆ ಬೀಳುತ್ತದೆ. ನರಸಾಪುರ, ವೇಮಗಲ್, ಮಾಲೂರುಗಳ ಕೈಗಾರಿಕಾ ಪ್ರದೇಶಗಳಲ್ಲಿ ದುಡಿಯುವ ಈ ಮಕ್ಕಳಲ್ಲಿ ಅನೇಕರ ಹೆಸರು ಕಾರ್ಖಾನೆಯ ಖಾಯಂ ಪಟ್ಟಿಯಲ್ಲಿರುವುದಿಲ್ಲ. ನಡುವೆ ಒಂದು ನೇಮಕಾತಿ ಏಜೆನ್ಸಿ ಇರುತ್ತದೆ. ಕೆಲಸ ಕಾರ್ಖಾನೆಯದು, ಸಂಬಳ ಏಜೆನ್ಸಿಯದು. ಆ ಏಜೆನ್ಸಿಯೇ ಒಂದು ದಿನ ದಿವಾಳಿಯಾಗಿ ಬಾಗಿಲು ಹಾಕಿಕೊಂಡರೆ ಯಾರನ್ನು ಕೇಳಬೇಕು? ಕಾರ್ಖಾನೆಯ ಗೇಟಿಗೆ ಹೋದರೆ "ನೀವು ನಮ್ಮವರಲ್ಲ" ಎನ್ನುತ್ತಾರೆ. ಏಜೆನ್ಸಿಯ ಕಚೇರಿಗೆ ಬೀಗ ಬಿದ್ದಿರುತ್ತದೆ.

ನಡುವಣ ಏಜೆನ್ಸಿಯ ಕೈಯಲ್ಲಿ ಸಂಬಳ ಸಿಕ್ಕಿಕೊಂಡರೆ ಏನಾಗುವುದೆಂಬುದನ್ನು ನಮ್ಮ ಜಿಲ್ಲೆ ಕಣ್ಣಾರೆ ಕಂಡಿದೆ. 2020ರ ಡಿಸೆಂಬರ್ 12ರಂದು ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಭುಗಿಲೆದ್ದ ಗಲಭೆ ಪ್ರಪಂಚದಾದ್ಯಂತ ಸುದ್ದಿಯಾಯಿತು. ಆಪಲ್ ಕಂಪನಿಯ ಐಫೋನ್ ತಯಾರಿಸುತ್ತಿದ್ದ ಅಲ್ಲಿ ಖಾಯಂ ನೌಕರರಿಗಿಂತ ಹಲವು ಪಟ್ಟು ಮಂದಿ ಗುತ್ತಿಗೆಯವರಾಗಿದ್ದು, ಹಲವು ಏಜೆನ್ಸಿಗಳ ಮೂಲಕ ಬಂದಿದ್ದರು. 21 ಸಾವಿರ ರೂಪಾಯಿ ಎಂದು ಹೇಳಿ ಕರೆತಂದು 16 ಸಾವಿರ, ಆಮೇಲೆ 12 ಸಾವಿರ ಕೊಟ್ಟರೆಂಬ ದೂರು ಆ ದಿನಗಳ ಪತ್ರಿಕೆಗಳಲ್ಲಿ ಬಂದಿತ್ತು. ಕೆಲವರಿಗೆ ಸಂಬಳ ಸರಿಯಾಗಿ, ಸಕಾಲದಲ್ಲಿ ಸಂದಿರಲಿಲ್ಲವೆಂದು ಕಂಪನಿಯೇ ಒಪ್ಪಿ ಕ್ಷಮೆ ಕೇಳಿ, ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆದುಹಾಕಿತು. ಆಪಲ್ ಕಂಪನಿ ವಿಸ್ಟ್ರಾನ್‌ಗೆ ಹೊಸ ಕೆಲಸ ಕೊಡುವುದನ್ನು ತಡೆಹಿಡಿಯಿತು. ಅತ್ತ ನೂರಕ್ಕೂ ಹೆಚ್ಚು ಮಂದಿ ಬಂಧಿತರಾದರು. 2023ರಲ್ಲಿ ಆ ಕಾರ್ಖಾನೆ ಟಾಟಾ ಸಂಸ್ಥೆಯ ಕೈಸೇರಿತು.

ಅಲ್ಲಿ ಏಜೆನ್ಸಿಗಳು ದಿವಾಳಿಯಾಗಿರಲಿಲ್ಲ, ನಿಜ. ಆದರೆ ಕಾರ್ಮಿಕನ ಸಂಕಟದ ಬೇರು ಎರಡು ಕಡೆಯೂ ಒಂದೇ: ತನಗೆ ಕೊಡಬೇಕಾದವರು ಯಾರೆಂಬುದೇ ತಿಳಿಯದಿರುವುದು. ಅತ್ಯಂತ ಖೇದದ ಸಂಗತಿಯೆಂದರೆ, ಆ ಹೊತ್ತಿಗಾಗಲೇ ಕಾನೂನಿನಲ್ಲಿ ಇದಕ್ಕೆ ಉತ್ತರವಿತ್ತು. 1970ರ ಗುತ್ತಿಗೆ ಕಾರ್ಮಿಕರ ಕಾಯಿದೆಯು, ಗುತ್ತಿಗೆದಾರನು ಸಂಬಳ ಕೊಡದಿದ್ದರೆ ಮೂಲ ಮಾಲೀಕನೇ, ಎಂದರೆ ಕೆಲಸ ಮಾಡಿಸಿಕೊಂಡ ಕಾರ್ಖಾನೆಯೇ ಕೊಡತಕ್ಕದ್ದೆಂದು ವಿಧಿಸಿತ್ತು. ಬಾಗಿಲು ಐವತ್ತು ವರ್ಷಗಳಿಂದ ತೆರೆದೇ ಇತ್ತು. ಅದನ್ನು ತೋರಿಸುವವರು ಇರಲಿಲ್ಲ.

2025ರ ನವೆಂಬರ್ 21ರಿಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಹಳೆಯ ಕಾಯಿದೆಯ ಸ್ಥಾನವನ್ನು ತುಂಬಿವೆ. ತತ್ತ್ವ ಮಾತ್ರ ಬದಲಾಗಿಲ್ಲ. ಗುತ್ತಿಗೆದಾರನು ತಪ್ಪಿದರೆ ಮೂಲ ಮಾಲೀಕನು ಬಾಕಿಯನ್ನು ಪೂರ್ತಿಯಾಗಿ ಕೊಟ್ಟು, ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕು. ಲೈಸೆನ್ಸಿಗಾಗಿ ಏಜೆನ್ಸಿ ಇಟ್ಟ ಭದ್ರತಾ ಠೇವಣಿಯಿಂದಲೂ ಸಂಬಳ ಕೊಡಿಸಲು ಸರ್ಕಾರಕ್ಕೆ ಅಧಿಕಾರವಿದೆ. ತಿಂಗಳ ಸಂಬಳ ಮುಂದಿನ ತಿಂಗಳ 7ನೆಯ ದಿನದೊಳಗೆ ಸಲ್ಲಬೇಕು; ಸಂಸ್ಥೆ ಮುಚ್ಚಿ ಕೆಲಸ ಹೋದರೆ ಎರಡು ಕೆಲಸದ ದಿನಗಳೊಳಗೆ ಲೆಕ್ಕ ತೀರಬೇಕು. ಬಾಕಿಗಾಗಿ ಅರ್ಜಿ ಹಾಕಲು 3 ವರ್ಷಗಳ ಅವಧಿಯಿದೆ. ಹಾಗೆಂದು ಕಾಯುತ್ತ ಕೂರುವುದು ಜಾಣತನವಲ್ಲ.

ಇನ್ನು ದಿವಾಳಿಯ ಮಾತು. ಏಜೆನ್ಸಿ ಒಂದು ಕಂಪನಿಯಾಗಿದ್ದರೆ ಅದರ ವಿಚಾರಣೆ 2016ರ ದಿವಾಳಿ ಸಂಹಿತೆಯಂತೆ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯಲ್ಲಿ ನಡೆಯುತ್ತದೆ. ಅರ್ಜಿ ಅಂಗೀಕಾರವಾದೊಡನೆ ಏಜೆನ್ಸಿಯ ಮೇಲಿನ ದಾವೆಗಳಿಗೆ ತಡೆ ಬೀಳುತ್ತದೆ. ಬಾಕಿದಾರರೆಲ್ಲ ತಮ್ಮ ಹಕ್ಕನ್ನು ಸಲ್ಲಿಸಬೇಕೆಂದು ಪತ್ರಿಕೆಗಳಲ್ಲಿ ಪ್ರಕಟಣೆ ಬರುತ್ತದೆ. ಅದರಲ್ಲಿ ಕೊಟ್ಟ ದಿನಾಂಕದೊಳಗೆ ಕಾರ್ಮಿಕನು 'ಡಿ' ನಮೂನೆಯಲ್ಲಿ ಹಕ್ಕು ಸಲ್ಲಿಸಬೇಕು. ಹಲವರು ಸೇರಿ ಒಬ್ಬ ಪ್ರತಿನಿಧಿಯ ಮೂಲಕ 'ಇ' ನಮೂನೆಯಲ್ಲಿಯೂ ಸಲ್ಲಿಸಬಹುದು. ಕೊನೆಗೆ ಕಂಪನಿಯ ಆಸ್ತಿ ಮಾರಾಟಕ್ಕೆ ಬಂದಲ್ಲಿ, ವಿಚಾರಣೆಯ ಖರ್ಚು ಕಳೆದ ಮೇಲೆ, ಹಿಂದಿನ 24 ತಿಂಗಳ ಕಾರ್ಮಿಕರ ಬಾಕಿಗೆ ಅಡಮಾನ ಸಾಲಗಾರರ ಸರಿಸಮಾನ ಸ್ಥಾನವಿದೆ. ಭವಿಷ್ಯನಿಧಿಯ ಹಣವನ್ನಂತೂ ಇತರ ಸಾಲಗಾರರು ಮುಟ್ಟುವಂತಿಲ್ಲ.

ಕೇಳಲು ಇದು ಭರವಸೆಯ ಮಾತೇ. ಆದರೆ ನೇಮಕಾತಿ ಏಜೆನ್ಸಿಯ ಆಸ್ತಿಯೆಂದರೆ ಏನು? ಬಾಡಿಗೆಯ ಕಚೇರಿ, ನಾಲ್ಕು ಕಂಪ್ಯೂಟರುಗಳು, ಕೆಲವು ಕುರ್ಚಿಗಳು. ಬರಿದಾದ ಕಣಜದ ಮುಂದೆ ಮೊದಲ ಸಾಲಿನಲ್ಲಿ ನಿಂತರೂ ಸೇರಕ್ಕಿ ಸಿಗುವುದು ಕಷ್ಟ. ಆದ್ದರಿಂದ ನಾವು ಓದುಗರಲ್ಲಿ ಒತ್ತಿ ಹೇಳಬಯಸುವುದಿಷ್ಟೇ: ದಿವಾಳಿಯ ಹಕ್ಕುಪತ್ರವನ್ನು ತಪ್ಪದೆ ಸಲ್ಲಿಸಿರಿ, ಆದರೆ ಅದೊಂದನ್ನೇ ನಂಬಿ ಕೂರಬೇಡಿರಿ. ತಡೆ ಬಿದ್ದಿರುವುದು ಏಜೆನ್ಸಿಯ ಮೇಲಿನ ದಾವೆಗೇ ಹೊರತು, ಮೂಲ ಮಾಲೀಕನ ಹೊಣೆಗಲ್ಲ. ಮೊದಲು ತಟ್ಟಬೇಕಾದ ಬಾಗಿಲು ಅದೇ.

ಆ ಬಾಗಿಲು ತೆರೆಯಬೇಕಾದರೆ ಕೈಯಲ್ಲಿ ಸಾಕ್ಷ್ಯವಿರಬೇಕು. ನೇಮಕಾತಿ ಪತ್ರ, ಸಂಬಳದ ಚೀಟಿ, ಬ್ಯಾಂಕಿನ ಪಾಸ್‌ಪುಸ್ತಕ, ಕಾರ್ಖಾನೆಯ ಗುರುತಿನ ಚೀಟಿ, ಹಾಜರಿಯ ಸಂದೇಶಗಳು ಇವೆಲ್ಲವನ್ನೂ ಮೊದಲ ದಿನದಿಂದಲೇ ಕೂಡಿಡಬೇಕು. ಯಾವ ದಿನ ಎಷ್ಟು ಗಂಟೆ ದುಡಿದೆನೆಂಬುದನ್ನು ಒಂದು ನೋಟ್‌ಪುಸ್ತಕದಲ್ಲಿ ಬರೆದಿಡುವುದು ಒಳ್ಳೆಯ ರೂಢಿ. ಭವಿಷ್ಯನಿಧಿಯ ಖಾತೆಯನ್ನು ತಿಂಗಳಿಗೊಮ್ಮೆ ಮೊಬೈಲಿನಲ್ಲಿ ನೋಡಬೇಕು. ಸಂಬಳದಲ್ಲಿ ಮುರಿದುಕೊಂಡ ಹಣ ಖಾತೆಗೆ ಸೇರದಿದ್ದರೆ ಏಜೆನ್ಸಿ ತತ್ತರಿಸುತ್ತಿದೆಯೆಂಬುದಕ್ಕೆ ಅದೇ ಮೊದಲ ಸೂಚನೆಯಾಗಬಹುದು. ಆ ವಂತಿಗೆಗೂ ಮೂಲ ಮಾಲೀಕನು ಹೊಣೆಗಾರನೇ.

ಸಂಬಳ ತಪ್ಪಿದ ಕೂಡಲೇ ಏಜೆನ್ಸಿಗೂ ಕಾರ್ಖಾನೆಗೂ ಲಿಖಿತವಾಗಿ ಬಾಕಿ ಕೇಳಿ, ಪ್ರತಿಯನ್ನು ಇಟ್ಟುಕೊಳ್ಳಬೇಕು. ಉತ್ತರ ಬಾರದಿದ್ದರೆ ಕೋಲಾರದಲ್ಲಿ ಕಾರ್ಮಿಕ ಇಲಾಖೆಯ ಅಧಿಕಾರಿಗಳಿಗೆ ದೂರು ಕೊಡಬೇಕು. ಒಬ್ಬೊಬ್ಬರೇ ಅಲೆಯುವುದಕ್ಕಿಂತ ಹತ್ತು ಮಂದಿ ಒಂದೇ ಅರ್ಜಿಯೊಡನೆ ಹೋಗುವುದು ಲೇಸು. ವಕೀಲರ ಖರ್ಚಿಗೆ ಅಂಜಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಕಾಯಿದೆಯಂತೆ ಮಹಿಳೆಯರಿಗೂ, ಪರಿಶಿಷ್ಟ ಜಾತಿ ಪಂಗಡದವರಿಗೂ, ಕೈಗಾರಿಕಾ ಕಾರ್ಮಿಕರಿಗೂ ಉಚಿತ ನೆರವು ಪಡೆಯುವ ಹಕ್ಕಿದೆ. 15100 ಸಂಖ್ಯೆಗೆ ದೂರವಾಣಿ ಮಾಡಿದರೆ ದಾರಿ ತಿಳಿಯುತ್ತದೆ.

ಮನೆಯ ಹಿರಿಯರಲ್ಲಿಯೂ ಒಂದು ವಿನಂತಿ. ಎರಡು ತಿಂಗಳಿಂದ ಸಂಬಳವಿಲ್ಲವೆಂಬುದನ್ನು ಹೇಳಲು ಮಕ್ಕಳು ನಾಚುತ್ತಾರೆ. ಕೈಸಾಲ ಮಾಡಿ ಮನೆಗೆ ಹಣ ಕಳುಹಿಸುವವರೂ ಉಂಟು. "ಹೋದದ್ದು ಹೋಯಿತು, ಬೇರೆ ಕೆಲಸ ನೋಡು" ಎಂದು ಬಾಯಿ ಮುಚ್ಚಿಸಬೇಡಿರಿ. ಬೇರೆ ಕೆಲಸ ನೋಡಲಿ, ಆದರೆ ದುಡಿದ ಹಣವನ್ನು ಬಿಡದಿರಲಿ. ಸಹನೆ ಕಟ್ಟೆಯೊಡೆದು ಕೈಗೆ ಕಲ್ಲು ಬರುವ ಮೊದಲೇ ಆ ಕೈಗೆ ಒಂದು ಅರ್ಜಿಯನ್ನು ಕೊಟ್ಟು, ಜೊತೆಯಲ್ಲಿ ಕೋಲಾರದ ಬಸ್ಸು ಹತ್ತುವುದು ಹಿರಿಯರ ಕರ್ತವ್ಯ. ಬೆವರು ಸುರಿಸಿ ಪಡೆಯಬೇಕಾದ ಕೂಲಿಯನ್ನು ಕೇಳುವುದರಲ್ಲಿ ನಾಚಿಕೆಯಿಲ್ಲ.