ಹಸಿರು ಚುಕ್ಕಿಯ ಹಾಜರಿ ಪುಸ್ತಕ

ಕಚೇರಿಯ ಮೇಜಿನ ಮೇಲಿದ್ದ ದೂರವಾಣಿ ಕಣ್ಮರೆಯಾಗಿ, ಕರೆಗಳೆಲ್ಲ ಮೈಕ್ರೋಸಾಫ್ಟ್ ಟೀಮ್ಸ್‌ನಂಥ ತಂತ್ರಾಂಶಗಳೊಳಗೆ ಸೇರಿಕೊಂಡಿರುವುದನ್ನು ಬರಿಯ ಅನುಕೂಲದ ಕಥೆಯಾಗಿ ಹೇಳಲಾಗುತ್ತಿದೆ. ಲ್ಯಾಪ್‌ಟಾಪ್ ಇದ್ದಲ್ಲೇ ಕಚೇರಿಯ ನಂಬರು ರಿಂಗಣಿಸುತ್ತದೆ, ನಿಜ. ಆದರೆ ಹಳೆಯ ದೂರವಾಣಿಗೆ ಒಂದು ಸದ್ಗುಣವಿತ್ತು: ದುಡಿಯುವವರು ಮನೆಗೆ ಹೊರಟಾಗ ಅದು ಕಚೇರಿಯಲ್ಲೇ ಉಳಿಯುತ್ತಿತ್ತು. ಎದುರಿಗೆ ಯಾರು ಕುಳಿತಿದ್ದಾರೆ, ಯಾರು ಎದ್ದು ಹೋದರು ಎಂಬುದನ್ನು ಅದು ಯಾರಿಗೂ ವರದಿ ಮಾಡುತ್ತಿರಲಿಲ್ಲ.

ಹೊಸ ವ್ಯವಸ್ಥೆ ಅದನ್ನೇ ಮಾಡುತ್ತದೆ. ಕಂಪ್ಯೂಟರನ್ನು ಐದು ನಿಮಿಷ ಮುಟ್ಟದಿದ್ದರೆ ಹೆಸರಿನ ಪಕ್ಕದ ಹಸಿರು ಚುಕ್ಕಿ ಹಳದಿಯಾಗುತ್ತದೆ. ಸರತಿಯಲ್ಲಿ ನಿಂತ ಗ್ರಾಹಕರ ಕರೆಗಳು ಹಸಿರಾಗಿರುವವರನ್ನಷ್ಟೇ ಹುಡುಕಿ ಹೋಗುವಂತೆ, ಅವರಲ್ಲೂ ಹೆಚ್ಚು ಹೊತ್ತು ಬಿಡುವಾಗಿದ್ದವರನ್ನೇ ಮೊದಲು ತಟ್ಟುವಂತೆ ಹೊಂದಿಸಬಹುದು. ಸರತಿಯಿಂದ ಹೊರಗುಳಿಯುವ ಆಯ್ಕೆ ಸಿಬ್ಬಂದಿಗೆ ಇರಬೇಕೋ ಬೇಡವೋ ಎಂಬುದನ್ನು ನಿರ್ಧರಿಸುವ ಗುಂಡಿಯೂ ಆಡಳಿತದ ಕೈಯಲ್ಲಿದೆ. ವಿರಾಮವೆಂಬುದು ಹಕ್ಕಾಗಿ ಉಳಿಯದೆ ಸೆಟ್ಟಿಂಗ್ ಆಗಿಬಿಟ್ಟಿದೆ.

ಇದಕ್ಕೆ ಕೆಲವು ದೇಶಗಳು ಕಾನೂನಿನಿಂದ ಉತ್ತರಿಸಿವೆ. ಸಂಪರ್ಕ ಕಡಿದುಕೊಳ್ಳುವ ಹಕ್ಕು ಫ್ರಾನ್ಸಿನಲ್ಲಿ 2017ರ ಜನವರಿಯಿಂದ ಜಾರಿಯಲ್ಲಿದೆ. ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್ 26ರಿಂದ. ಆದರೆ ಹಕ್ಕು ಗಡಿಯಲ್ಲಿ ನಿಲ್ಲುತ್ತದೆ, ಕರೆ ನಿಲ್ಲುವುದಿಲ್ಲ. ಸಿಡ್ನಿಯಲ್ಲಿ ಬೆಳಗಿನ 9 ಗಂಟೆಯಾದಾಗ ಬೆಂಗಳೂರಿನಲ್ಲಿ 4.30, ಅಲ್ಲಿನ ಬೇಸಿಗೆಯಲ್ಲಿ ಗಡಿಯಾರ ಮುಂದಿಟ್ಟಾಗ 3.30. ಆ ಹೊತ್ತಿನಲ್ಲಿ ಕರೆ ಎತ್ತುವ ಬೆಂಗಳೂರಿಗರಿಗೆ ಆಸ್ಟ್ರೇಲಿಯಾದ ಕಾಯ್ದೆಯ ಆಸರೆಯಿಲ್ಲ. ಲೋಕಸಭೆಯಲ್ಲಿ ಸುಪ್ರಿಯಾ ಸುಳೆಯವರು 2018ರಲ್ಲಿ ಮಂಡಿಸಿದ ಇಂಥದೇ ಖಾಸಗಿ ಮಸೂದೆ ಕಾಯ್ದೆಯಾಗಲಿಲ್ಲ. ಕರ್ನಾಟಕದಲ್ಲಂತೂ 2024ರಲ್ಲಿ ಐಟಿ ವಲಯದ ದಿನದ ದುಡಿಮೆಯನ್ನು 14 ಗಂಟೆಯವರೆಗೆ ಹಿಗ್ಗಿಸುವ ಪ್ರಸ್ತಾಪವೇ ಮುಂದೆ ಬಂತು. ಐಟಿ ನೌಕರರ ಸಂಘ ಅದರ ವಿರುದ್ಧ ಪ್ರತಿಭಟಿಸಬೇಕಾಯಿತು.

ಭೂಮಿ ದುಂಡಗಿರುವುದಕ್ಕೆ ಯಾರನ್ನೂ ದೂರಲಾಗದು ಎಂಬ ವಾದವಿದೆ. ಒಪ್ಪತಕ್ಕದ್ದೇ. ಆದರೆ ಯಾವ ದೇಶದ ಹಗಲಿಗಾಗಿ ಯಾವ ದೇಶದವರು ನಿದ್ದೆಗೆಡಬೇಕು ಎಂಬುದನ್ನು ಭೂಮಿ ತೀರ್ಮಾನಿಸುವುದಿಲ್ಲ, ಬಂಡವಾಳ ತೀರ್ಮಾನಿಸುತ್ತದೆ.

ಅನಿವಾಸಿ ಕನ್ನಡಿಗರಿಗೆ ಇದು ಯಾರದೋ ಸಂಗತಿಯಲ್ಲ. ಸಭೆಯ ವೇಳೆ ಗೊತ್ತುಪಡಿಸುವವರಲ್ಲಿ, ಸರತಿಯ ನಿಯಮ ರೂಪಿಸುವವರಲ್ಲಿ ಅವರೂ ಇದ್ದಾರೆ. ತಾವಿರುವ ದೇಶದಲ್ಲಿ ಸಂಜೆಯ ಮೌನವನ್ನು ಹಕ್ಕೆಂದು ಅನುಭವಿಸುತ್ತ, 'ಬೆಂಗಳೂರಿನಲ್ಲಿ ನಮ್ಮವರೇ ಇದ್ದಾರೆ, ಹೊಂದಿಕೊಳ್ಳುತ್ತಾರೆ' ಎನ್ನುವವರು ಭಾಷಾಬಾಂಧವ್ಯವನ್ನೇ ಬಿಟ್ಟಿ ದುಡಿಮೆಯ ಸಾಧನವಾಗಿಸುತ್ತಿದ್ದಾರೆ.

ಕೇಳಬೇಕಾದುದು ಅಸಾಧ್ಯವಾದುದೇನಲ್ಲ. ಅಕಾಲದ ಸಭೆಗಳು ಸರದಿಯ ಪ್ರಕಾರ ಎಲ್ಲ ದೇಶದವರ ಪಾಲಿಗೂ ಬರಲಿ. ರಾತ್ರಿಪಾಳಿಗೆ ಹೆಚ್ಚುವರಿ ವೇತನ ಸಿಗಲಿ. ಹಸಿರು-ಹಳದಿಯ ಲೆಕ್ಕ ಬಡ್ತಿಯ ಕಡತಕ್ಕೆ ಸೇರದಿರಲಿ. ಸರತಿಯಿಂದ ಹೊರಬರುವ ಗುಂಡಿ ದುಡಿಯುವವರ ಕೈಗೆ ಬರಲಿ. ಇವಿಷ್ಟನ್ನೂ ತಮ್ಮ ಕಚೇರಿಯಲ್ಲಿ ಕೇಳಲಾರದವರು ವಿಚಾರಸಂಕಿರಣಗಳಲ್ಲಿ ಶ್ರಮಿಕರ ಪರವಾಗಿ ಮಾತನಾಡುವುದಕ್ಕೆ ಅರ್ಥವಿಲ್ಲ.