ತನ್ನ ಕೈಯ ತುತ್ತು

ಒಬ್ಬರ ಹಂಗಿಗೆ ಬೀಳದೆ ಕಣ್ಣು ಮುಚ್ಚುವಂತಾಗಲಿ ಎಂದು ದೇವರಲ್ಲಿ ಬೇಡದ ವೃದ್ಧರು ವಿರಳ. ಸಾವಿಗೆ ಅಂಜದವರೂ ಹಾಸಿಗೆಗೆ ಅಂಜುತ್ತಾರೆ. ಮೀಯಲು ಮತ್ತೊಬ್ಬರ ತೋಳು, ಉಣ್ಣಲು ಮತ್ತೊಬ್ಬರ ಕೈ, ಬಚ್ಚಲಿಗೆ ಹೋಗಲು ಮತ್ತೊಬ್ಬರ ಬಿಡುವು. ಈ ಪರಾಧೀನತೆಯ ಮುಂದೆ ದೇಹದ ನೋವು ಎಷ್ಟರದು? ಈ ಅಂಜಿಕೆ ಯಾವ ಒಂದು ದೇಶಕ್ಕೂ ಮೀಸಲಾದುದಲ್ಲ. ಆದರೆ ಇದನ್ನು ಇಡೀ ರಾಷ್ಟ್ರದ ಹೊಣೆಯೆಂದು ಬಗೆದು, ಅದಕ್ಕೆಂದೇ ಸಾರ್ವಜನಿಕ ವಿಮೆಯೊಂದನ್ನು ಸ್ಥಾಪಿಸಿದ ದೇಶಗಳು ಕೆಲವೇ. ಜರ್ಮನಿಯಲ್ಲಿ ಅಂಥ ವಿಮೆ 1995ರಲ್ಲಿ ಆರಂಭವಾಯಿತು, ಜಪಾನಿನಲ್ಲಿ 2000ದಲ್ಲಿ.

ಜಪಾನಿನ ಜನಸಂಖ್ಯೆಯಲ್ಲಿ ಇಂದು ನೂರಕ್ಕೆ ಸುಮಾರು 29 ಮಂದಿ 65 ವರ್ಷ ಮುಟ್ಟಿದವರು. 1973ರಲ್ಲಿ ಅಲ್ಲಿನ ಸರಕಾರ 70 ದಾಟಿದವರಿಗೆ ವೈದ್ಯೋಪಚಾರವನ್ನು ಉಚಿತಗೊಳಿಸಿತು. ಉದ್ದೇಶ ಘನವಾದದ್ದು, ಫಲ ಮಾತ್ರ ವಿಪರೀತವಾಯಿತು. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದ ಮುದುಕರು ರೋಗ ಹತೋಟಿಗೆ ಬಂದ ಮೇಲೂ ಆಸ್ಪತ್ರೆಯ ಮಂಚದಲ್ಲಿಯೇ ಉಳಿದರು. ಬಳಸದ ಸ್ನಾಯು ಬಹು ಬೇಗ ಕರಗುತ್ತದೆ, ಕೀಲುಗಳು ಬಿಗಿಯುತ್ತವೆ. ಕೈಲಾಗದೆ ಮಲಗಿದವರು ಕೆಲವರಾದರೆ, ಮಲಗಿಸಿದ್ದರಿಂದಲೇ ಕೈಲಾಗದಂತಾದವರು ಅನೇಕರು. ಇಂಥವರನ್ನು ಕುರಿತ 'ನೆತಾಕಿರಿ', ಎಂದರೆ 'ಮಲಗಿದಲ್ಲೇ ಇರುವವರು' ಎಂಬ ಮಾತು ಆ ದೇಶದಲ್ಲಿ ಮನೆಮಾತಾಯಿತು. 1989ರಲ್ಲಿ ಸರಕಾರವು 'ಸುವರ್ಣ ಯೋಜನೆ' ಎಂಬುದನ್ನು ಸಾರಿ, ನೆತಾಕಿರಿಗಳಾಗುವವರೇ ಇಲ್ಲದಂತೆ ಮಾಡಬೇಕೆಂಬುದನ್ನು ಅದರ ಗುರಿಗಳಲ್ಲಿ ಒಂದಾಗಿ ಇಟ್ಟಿತು. 1997ರಲ್ಲಿ ಶುಶ್ರೂಷಾ ವಿಮೆಯ ಕಾನೂನು ಸಿದ್ಧವಾಯಿತು. 2000ದ ಏಪ್ರಿಲ್ 1ರಂದು ಜಾರಿಗೆ ಬಂದಿತು.

ಅದರ ಏರ್ಪಾಡು ಸರಳ. 40 ವರ್ಷ ತುಂಬಿದವರೆಲ್ಲ ಕಂತು ತೆರಬೇಕು. ವೆಚ್ಚದ ಅರ್ಧ ಈ ಕಂತುಗಳಿಂದ, ಉಳಿದರ್ಧ ಸರಕಾರದ ಬೊಕ್ಕಸಗಳಿಂದ. ವಿಮೆಯನ್ನು ನಡೆಸುವುದು ಊರಿನ ಪೌರಸಭೆ. ಮುಪ್ಪಿನಿಂದ ಅಶಕ್ತರಾದವರು ಅರ್ಜಿ ಹಾಕಿದರೆ, ಪರೀಕ್ಷಕನೊಬ್ಬ ಮನೆಗೆ ಬಂದು 74 ಪ್ರಶ್ನೆಗಳ ಪಟ್ಟಿಯನ್ನು ತುಂಬಿಸಿಕೊಳ್ಳುತ್ತಾನೆ: ಹೊರಳಬಲ್ಲರೇ, ಏಳಬಲ್ಲರೇ, ಒಂಟಿ ಕಾಲಿನ ಮೇಲೆ ನಿಲ್ಲಬಲ್ಲರೇ? ಬಳಿಕ ತಜ್ಞರ ಮಂಡಲಿಯು ಅವರನ್ನು ಏಳು ದರ್ಜೆಗಳಲ್ಲಿ ಯಾವುದಕ್ಕೆ ಸೇರಿಸಬೇಕೆಂದು ನಿರ್ಧರಿಸುತ್ತದೆ. ಸೇವೆಯ ಬೆಲೆಯಲ್ಲಿ ಬಹುಮಂದಿ ಕೊಡಬೇಕಾದುದು ಹತ್ತರಲ್ಲಿ ಒಂದು ಪಾಲು. ವರಮಾನ ಹೆಚ್ಚಿದ್ದವರು ಎರಡು ಅಥವಾ ಮೂರು ಪಾಲು.

ಆದರೆ ಈ ಕಾನೂನಿನ ಜೀವಾಳ ಹಣದ ಲೆಕ್ಕದಲ್ಲಿಲ್ಲ, ಮೊದಲನೆಯ ವಿಧಿಯಲ್ಲಿದೆ. ವ್ಯಕ್ತಿಯು ತನ್ನ ಶಕ್ತಿಗೆ ತಕ್ಕಂತೆ ಸ್ವಾವಲಂಬಿಯಾಗಿ ದಿನಗಳನ್ನು ಕಳೆಯುವಂತಾಗಬೇಕು ಎಂಬುದು ಅದರ ಆಶಯ. 2005ರ ತಿದ್ದುಪಡಿ ಇದಕ್ಕೆ 'ಘನತೆಯನ್ನು ಕಾಯ್ದುಕೊಂಡು' ಎಂಬ ಮಾತನ್ನು ಸೇರಿಸಿತು. ಸೇವೆ ಮಾಡುವುದು ಗುರಿಯಲ್ಲ. ಸೇವೆ ಬೇಕಿಲ್ಲದಂತೆ, ಇಲ್ಲವೇ ಕಡಿಮೆ ಬೇಕಾಗುವಂತೆ ಮಾಡುವುದೇ ಗುರಿ.

ಇದು ನಡೆಯುವುದು ಹೇಗೆ? ಜಾರಿ ಬಿದ್ದು ಸೊಂಟದ ಎಲುಬು ಮುರಿದು, ಶಸ್ತ್ರಚಿಕಿತ್ಸೆಯಾಗಿ ಮನೆಗೆ ಮರಳಿದ ಮುದುಕಿಯೊಬ್ಬಳನ್ನು ಕಲ್ಪಿಸಿಕೊಳ್ಳಬಹುದು. ಜಪಾನಿನ ಸ್ನಾನದ ತೊಟ್ಟಿ ಆಳವಾದುದು. ಅಂಚನ್ನು ದಾಟಿ ಒಳಗಿಳಿಯಬೇಕು. ಆಕೆಗೆ ಸ್ನಾನ ಮಾಡಿಸುವವಳನ್ನು ಗೊತ್ತುಮಾಡಿದರೆ ಒಂದು ದಿನದ ಸ್ನಾನ ಮುಗಿಯಿತು, ಅಷ್ಟೆ. ಬಲ್ಲ ಚಿಕಿತ್ಸಕ ಬೇರೆ ದಾರಿ ಹಿಡಿಯುತ್ತಾನೆ. ಸ್ನಾನವೆಂಬ ಒಂದು ಕೆಲಸವನ್ನು ಹತ್ತು ಸಣ್ಣ ಕೆಲಸಗಳಾಗಿ ಒಡೆದು, ಆಕೆ ಎಲ್ಲಿ ತಡೆಯುತ್ತಾಳೆಂದು ನೋಡುತ್ತಾನೆ. ಗೋಡೆಗೊಂದು ಹಿಡಿಕಂಬಿ, ತೊಟ್ಟಿಯ ಅಂಚಿಗೆ ಕುಳಿತು ಕಾಲು ಎತ್ತಿಡಲು ಒಂದು ಹಲಗೆ, ಕೆಲವು ವಾರಗಳ ಅಭ್ಯಾಸ. ತಡೆ ಅಷ್ಟರಿಂದಲೇ ನೀಗಬಹುದು. ಕಂಬಿ ಹಾಕಿಸಲು, ಹೊಸಲಿನ ಎತ್ತರ ತಗ್ಗಿಸಲು 2 ಲಕ್ಷ ಯೆನ್‌ವರೆಗಿನ ವೆಚ್ಚಕ್ಕೆ ವಿಮೆಯ ನೆರವುಂಟು. ಪಾರ್ಶ್ವವಾಯು ತಗಲಿದವರಿಗೆ ಅಂಗಿಯನ್ನು ಸೋತ ಕೈಗೆ ಮೊದಲು ತೊಡಿಸಿ, ಬಿಚ್ಚುವಾಗ ಗಟ್ಟಿ ಕೈಯಿಂದ ಮೊದಲು ಬಿಚ್ಚುವುದನ್ನು ಕಲಿಸುತ್ತಾರೆ. ಕ್ರಮ ತಿಳಿದ ಮಾತ್ರಕ್ಕೆ ಎಷ್ಟೋ ಜನ ಉಡುಪಿನ ಮಟ್ಟಿಗೆ ಸ್ವತಂತ್ರರಾಗುತ್ತಾರೆ.

ಕಾನೂನಿನ ಒಂದು ಸೂಕ್ಷ್ಮ ಇಲ್ಲಿ ಗಮನಾರ್ಹ. ಸಹಾಯಕಿಯೊಬ್ಬಳು ಬಂದು ತಾನೇ ಅಡಿಗೆ ಮಾಡಿಟ್ಟರೆ ಅದು ಮನೆಗೆಲಸ. ವೃದ್ಧೆಯೊಡನೆ ನಿಂತು, ಅಪಾಯವಾಗದಂತೆ ನೋಡಿಕೊಳ್ಳುತ್ತ, ಆಕೆಯ ಕೈಯಿಂದಲೇ ತರಕಾರಿ ಹೆಚ್ಚಿಸಿ ಅಡಿಗೆ ಮಾಡಿಸಿದರೆ ಅದು ಹೆಚ್ಚಿನ ದರದ ಶುಶ್ರೂಷೆ! ಮಾಡಿಕೊಡುವುದಕ್ಕಿಂತ ಮಾಡಲು ಬಿಡುವುದು ಕಷ್ಟವೆಂಬುದನ್ನು ಸರಕಾರವೊಂದು ಹಣದ ರೂಪದಲ್ಲಿ ಒಪ್ಪಿಕೊಂಡಂತಾಯಿತು.

ಹಾಗಿದ್ದೂ ಈ ವ್ಯವಸ್ಥೆಯ ಬುಡದಲ್ಲಿಯೇ ಒಂದು ವಿರೋಧಾಭಾಸವಿದೆ. ಅಶಕ್ತತೆಯ ದರ್ಜೆ ಏರಿದಷ್ಟೂ ಶುಶ್ರೂಷಾಗೃಹಕ್ಕೆ ಸಲ್ಲುವ ಹಣ ಹೆಚ್ಚು. ದುಡಿದು ಬೆವರಿ ಮುದುಕನೊಬ್ಬನನ್ನು ನಡೆಯುವಂತೆ ಮಾಡಿದ ಸಂಸ್ಥೆಗೆ ದೊರೆಯುವ ಬಹುಮಾನವೆಂದರೆ ವರಮಾನದಲ್ಲಿ ಖೋತಾ! ಇದನ್ನು ಸರಿಪಡಿಸಲು 2018ರಲ್ಲಿ, ಹಗಲು ಶುಶ್ರೂಷಾ ಕೇಂದ್ರಗಳಿಗೆ ವೃದ್ಧರ ಶಕ್ತಿಯನ್ನು ಉಳಿಸಿದ ಅಥವಾ ಬೆಳೆಸಿದ ಸಾಧನೆಗಾಗಿ ಹೆಚ್ಚುವರಿ ಹಣ ಕೊಡುವ ಏರ್ಪಾಡಾಯಿತು. ಅಳೆಯುವ ಕೋಲು 1965ರಲ್ಲಿ ಅಮೆರಿಕದ ಮಹೋನಿ ಮತ್ತು ಬಾರ್ಥೆಲ್ ಎಂಬ ಮಹಿಳೆಯರು ಪ್ರಕಟಿಸಿದ ಬಾರ್ಥೆಲ್ ಸೂಚಿ. ಊಟ, ಸ್ನಾನ, ಉಡುಪು, ನಡಿಗೆ, ಮೆಟ್ಟಿಲು ಮೊದಲಾದ ಹತ್ತು ವಿಷಯಗಳು, ಒಟ್ಟು 100 ಅಂಕಗಳು. ಇಳಿವಯಸ್ಸಿನಲ್ಲಿಯೂ ಮನುಷ್ಯನಿಗೆ ಪರೀಕ್ಷೆ ತಪ್ಪಲಿಲ್ಲ!

ಇನ್ನೊಂದು ಅಳುಕು ವೃದ್ಧರದೇ. ಸುಧಾರಿಸಿದರೆ ದರ್ಜೆ ಇಳಿಯುತ್ತದೆ. ದರ್ಜೆ ಇಳಿದರೆ ನೆರವು ಕುಗ್ಗುತ್ತದೆ. ವಿಮೆಯ ನೆರವಿನಿಂದ ಹೊರಬರುವುದನ್ನು ಅಲ್ಲಿ 'ಪದವಿ ಪಡೆಯುವುದು' ಎನ್ನುವುದುಂಟು. ಪದವಿ ಪಡೆದ ವಿದ್ಯಾರ್ಥಿಗೆ ಮುಂದೆ ಲೋಕ ಕಾದಿರುತ್ತದೆ. ಆದರೆ ವಾರಕ್ಕೆರಡು ದಿನ ಕೇಂದ್ರಕ್ಕೆ ಹೋಗಿ ನಾಲ್ಕು ಜನರೊಡನೆ ನಕ್ಕು ಬರುತ್ತಿದ್ದ ಒಂಟಿ ಮುದುಕಿಗೆ ಕಾದಿರುವುದು ಖಾಲಿ ಕೋಣೆ. ಸ್ವಾವಲಂಬನೆಯ ಹೆಸರಿನಲ್ಲಿ ಬೊಕ್ಕಸದ ಉಳಿತಾಯವೇ ನಡೆಯುತ್ತಿದೆಯೆಂಬ ಟೀಕೆ ಅಲ್ಲಿ ಕೇಳಿಬಂದಿರುವುದು ಸಕಾರಣವಾಗಿಯೇ ಇದೆ. ಮರೆವಿನ ರೋಗಕ್ಕೆ ತುತ್ತಾದವರನ್ನೂ, ಅಂತ್ಯಕಾಲ ಸಮೀಪಿಸಿದವರನ್ನೂ ಅಂಕಗಳಿಗಾಗಿ ದುಡಿಸುವುದು ಕ್ರೌರ್ಯವಲ್ಲದೆ ಮತ್ತೇನು?

ಸ್ವಾವಲಂಬನೆಯೆಂದರೆ ಏಕಾಕಿತನವಲ್ಲ. ಆಗುವುದನ್ನು ತಾನೇ ಮಾಡುವ, ಆಗದುದನ್ನು ನಾಚಿಕೆಯಿಲ್ಲದೆ ಕೇಳುವ, ಎರಡರ ಗೆರೆಯನ್ನು ತಾನೇ ಎಳೆಯುವ ಅಧಿಕಾರವೇ ಅದು. ಆ ಅಧಿಕಾರವನ್ನು ಮೊದಲು ಕಸಿಯುವುದು ಹಲವು ಬಾರಿ ಕಠೋರತೆಯಲ್ಲ, ಪ್ರೀತಿ. ಪ್ರೀತಿಗಿಂತಲೂ ಮಿಗಿಲಾಗಿ, ಅವಸರ. ಮನೆಯ ಹಿರಿಯರು ನಡುಗುವ ಬೆರಳುಗಳಿಂದ ಅಂಗಿಯ ಗುಂಡಿ ಹಾಕಿಕೊಳ್ಳಲು ಐದು ನಿಮಿಷ ತೆಗೆದುಕೊಳ್ಳುತ್ತಾರೆ. ಮಗ ಅಥವಾ ಸೊಸೆ ಮುಂದೆ ಬಂದು ಅರೆನಿಮಿಷದಲ್ಲಿ ಮುಗಿಸುತ್ತಾರೆ. ಉಳಿದ ನಾಲ್ಕೂವರೆ ನಿಮಿಷಕ್ಕೆ ತೆರುವ ಬೆಲೆ ಕೆಲವು ತಿಂಗಳ ಮೇಲೆ ತಿಳಿಯುತ್ತದೆ. ಮೇಲಿನ ಗುಂಡಿಯನ್ನು ಹಾಕಿಕೊಟ್ಟು, ಕೆಳಗಿನ ಎರಡನ್ನಾದರೂ ಅವರಿಗೇ ಬಿಟ್ಟು ಪಕ್ಕದಲ್ಲಿ ಕುಳಿತಿರುವುದಕ್ಕೆ ಯಾವ ವಿಮೆಯೂ ಬೇಕಿಲ್ಲ.